ಟೈಂಕೀಪರರ ದಾಸವಾಳ

ಬಲಗಿವಿಯ ಮೇಲೆ ಪೆನ್ನು, ಎಡಗಿವಿಯ ಮೇಲೆ ಒಂದು ಗೇಣು ಉದ್ದದ ಗೆಲ್ಲು. ಮೂಡುಬಿದಿರೆಯ ಬಸ್ಸು ನಿಲ್ದಾಣದಲ್ಲಿ ನಾನು ಅವರನ್ನು ಮೊದಲ ಬಾರಿಗೆ ಕಂಡದ್ದು ಹಾಗೆ. ಗೆಲ್ಲಿನ ತುದಿಯಲ್ಲಿ ಎರಡೇ ಎಲೆ. ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿದ್ದರು. ಅವರು ತಲೆ ಆಡಿಸಿದಾಗ ಆ ಅರ್ಧ ಎಲೆಗಳೂ ಆಡುತ್ತಿದ್ದವು. ಜೂನ್ ತಿಂಗಳ ಬೆಳಿಗ್ಗೆ, ಆರೂಕಾಲರ ಹೊತ್ತು. ಅಲ್ಲಿ ಇದ್ದವರು ಬೆಳ್ತಂಗಡಿ ಬಸ್ಸಿನ ಡ್ರೈವರ್, ಮಲ್ಲಿಗೆ ಮಾರುವ ಹೆಂಗಸು, ಚಾರ್ಮಾಡಿ ಕಡೆಯ ಶಾಲೆಗೆ ವರ್ಗವಾಗಿ ಮೊದಲ ದಿನವೇ ತಡವಾದೀತೆಂದು ಗಾಬರಿಯಲ್ಲಿದ್ದ ನಾನು, ಮತ್ತೆ ಅವರು.

"ಮೂರು ನಿಮಿಷ ಲೇಟ್," ಎಂದು ಅವರು ಡ್ರೈವರನಿಗೆ ಹೇಳಿ ಪುಸ್ತಕದಲ್ಲಿ ಬರೆದುಕೊಂಡರು.

"ಮೂರು ನಿಮಿಷಕ್ಕೆ ಲೋಕ ಮುಳುಗ್ತದಾ ಬ್ಯಾರಿಗಳೇ?"

"ಲೋಕ ಮುಳುಗುವುದಿಲ್ಲ ಮಾರಾಯ. ಹಿಂದಿನ ಬಸ್ಸಿನವ ಬಂದು ನನ್ನನ್ನು ಮುಳುಗಿಸ್ತಾನೆ."

ಮಲ್ಲಿಗೆಯ ಹೆಂಗಸು ನನ್ನ ಕಡೆ ತಿರುಗಿ, "ಕಿವಿಯಲ್ಲಿ ತೋಟ ಮಾಡಿದವರು ಬಸ್ಸಿಗೆ ಸಮಯ ಹೇಳ್ತಾರೆ, ನೋಡಿ ಟೀಚರೇ" ಎಂದಳು. ನನ್ನ ಕೈಯ ಪುಸ್ತಕ ನೋಡಿಯೇ ಟೀಚರೆಂದು ತೀರ್ಮಾನಿಸಿದ್ದಳು.

"ನಿನ್ನ ಬುಟ್ಟಿಯಲ್ಲಿರುವುದು ಸಂಜೆಗೆ ಬಾಡ್ತದೆ. ನನ್ನ ಕಿವಿಯಲ್ಲಿರುವುದು ನಾಳೆಯಿಂದ ಶುರು," ಎಂದರು ಅವರು, ಬರೆಯುವುದನ್ನು ನಿಲ್ಲಿಸದೆ.

ಅವರು ಖಾಸಗಿ ಬಸ್ಸುಗಳ ಟೈಂಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಬರೆಯುವುದು, ಹೊತ್ತು ಮೀರಿ ಜನ ತುಂಬಿಸುವವರನ್ನು ಗದರಿಸಿ ಓಡಿಸುವುದು ಅವರ ಕೆಲಸ. ಅವರ ಹೆಸರು ನನಗೆ ಕೊನೆಯವರೆಗೂ ಬೇಕಾಗಲಿಲ್ಲ. ಕರಾವಳಿಯ ಮುಸ್ಲಿಮರನ್ನು ಕರೆಯುವ ಹಾಗೆ ಡ್ರೈವರುಗಳಿಗೆ ಅವರು ಬ್ಯಾರಿಗಳು, ಊರಿಗೆಲ್ಲ ಟೈಂಕೀಪರ್, ನನಗೆ ಟೈಂಕೀಪರರು. ನಿಲ್ದಾಣದ ಮೂಲೆಯಲ್ಲಿ ಅವರಿಗೊಂದು ಗೂಡು ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಂತೇ ಮಾತಾಡಬೇಕು. ಗೂಡಿನ ಹಿಂದೆ, ಬಿಸಿಲು ನೇರ ಬೀಳದ ಕಡೆ, ಹೋಟೆಲಿನವರು ಚಟ್ನಿಗೆ ತುರಿದು ಎಸೆದ ತೆಂಗಿನ ಗೆರಟೆಗಳ ಸಾಲು. ಪ್ರತಿ ಗೆರಟೆಯ ಅಡಿಯಲ್ಲಿ ಒಂದು ತೂತು, ಒಳಗೆ ಹೊಯಿಗೆ ಬೆರೆಸಿದ ಸುಡುಮಣ್ಣು, ನಡುವೆ ಒಂದು ಗೆಲ್ಲು. ದಾಸವಾಳ, ಕ್ರೋಟನ್, ನಂದಿಬಟ್ಟಲು, ಕಾಗದದ ಹೂವಿನ ಬಳ್ಳಿ. ಡೀಸೆಲ್ ಹೊಗೆಯ ನಡುವೆ ಅವು ಹೇಗೆ ಚಿಗುರುತ್ತಿದ್ದವೋ, ಚಿಗುರುತ್ತಿದ್ದವು.

ನಮ್ಮ ಕಡೆ ಬಸ್ಸೆಂದರೆ ಅರ್ಧ ಅಂಚೆ. ಮದ್ದು, ಮಲ್ಲಿಗೆ, ಮನೆಯಲ್ಲಿ ಮರೆತ ಕನ್ನಡಕ, ಎಲ್ಲ ಅದರಲ್ಲೇ ಹೋಗುತ್ತದೆ. ಈ ಪುಣ್ಯಾತ್ಮರು ಗೆಲ್ಲುಗಳನ್ನು ಕಳಿಸುತ್ತಿದ್ದರು. ಪೊಳಲಿಯ ಯಾರದೋ ಮನೆಯ ಬಿಳಿ ಕೇಪುಳ ವೇಣೂರಿನ ಇನ್ಯಾರದೋ ಅಂಗಳಕ್ಕೆ, ಗುರುವಾಯನಕೆರೆಯ ಕೆಂಪು ಕಾಗದದ ಹೂವು ಸಿದ್ದಕಟ್ಟೆಗೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟರೆ, "ಇಂಥಾ ಸ್ಟಾಪಿನಲ್ಲಿ ನೀಲಿ ಗೇಟಿನವರಿಗೆ" ಎಂದರೆ ಸಾಕಿತ್ತು.

ಚಾರ್ಮಾಡಿ ದಾರಿಯ ಶಾಲೆಗೆ ನಾನು ದಿನಾ ಹೋಗಿಬರುತ್ತಿದ್ದೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಬೇಕು, ಒಂದು ಕಡೆಗೆ ಎರಡು ಗಂಟೆಯ ದಾರಿ. ಅಜ್ಜಿಯಿಂದ ಬಂದ ಬಾಯಿ ನನ್ನದು, ಸುಮ್ಮನೆ ನಿಲ್ಲಲು ಬರುವುದಿಲ್ಲ. ಬಸ್ಸು ಕಾಯುವ ಹತ್ತು ನಿಮಿಷ ಗೂಡಿನ ಎದುರು ನಿಂತು ಅದನ್ನು ಇದನ್ನು ಕೇಳುತ್ತಿದ್ದೆ. ಅವರು ಡ್ರೈವರುಗಳ ಹತ್ತಿರ ತುಳುವಿನಲ್ಲಿ ಬಡಬಡ ಮಾತಾಡುವವರು, ನನ್ನ ಹತ್ತಿರ ಮಾತ್ರ ಪಾಠ ಒಪ್ಪಿಸುವ ಹಾಗೆ ನಿಧಾನದ ಕನ್ನಡ.

"ಎಳತು ಬೇಡ, ಮುದಿಯೂ ಬೇಡ. ಪೆನ್ಸಿಲಿನಷ್ಟು ದಪ್ಪ. ಕೆಳಗೆ ಗಂಟಿನ ಬುಡದಲ್ಲಿ ಓರೆ ಕಡಿಯಬೇಕು, ಮೇಲೆ ನೇರ ಕಡಿಯಬೇಕು. ಬಸ್ಸಲ್ಲಿ ಹೋಗುವ ಗೆಲ್ಲು ಅಲ್ವಾ, ಅಲ್ಲಿ ತೆಗೆದುಕೊಂಡವರಿಗೆ ತಲೆ ಯಾವುದು ಕಾಲು ಯಾವುದು ಗೊತ್ತಾಗಬೇಕು."

"ಎಲೆ ಯಾಕೆ ಅರ್ಧ?"

"ಇನ್ನೂ ಬೇರಿಲ್ಲದವನಿಗೆ ಪೂರ್ತಿ ಸಂಸಾರ ಸಾಕಲಿಕ್ಕೆ ಆಗ್ತದಾ ಟೀಚರೇ?"

ನೆಟ್ಟ ಮೇಲೆ ಹದಿನೆಂಟು ದಿನ ಮುಟ್ಟಬಾರದು ಎಂಬುದು ಅವರ ಕಟ್ಟಪ್ಪಣೆ. ನಾನು ಒಮ್ಮೆ ಮನೆಯಲ್ಲಿ ಒಂದು ಕ್ರೋಟನ್ ಗೆಲ್ಲನ್ನು ಆರನೆಯ ದಿನವೇ ಎಳೆದು ನೋಡಿ, ಬೇರು ಬಂದಿಲ್ಲವೆಂದು ದೂರು ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮ್ಮ ಶಾಲೆಯ ಮಕ್ಕಳ ಅವಸ್ಥೆ ನೆನೆಸಿದರೆ ಬೇಜಾರಾಗ್ತದೆ," ಎಂದರು.

ಮೂಡುಬಿದಿರೆಯ ಕಾಲೇಜುಗಳಿಗೆ ದೂರದೂರುಗಳಿಂದ ಮಕ್ಕಳು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಸಂಜೆ ರಾಯಚೂರು ಕಡೆಯ ಹುಡುಗಿಯೊಬ್ಬಳು, ಹಾಸ್ಟೆಲಿಗೆ ಬಿಟ್ಟು ಹೋಗುತ್ತಿದ್ದ ಅಪ್ಪನ ಬಸ್ಸು ತಿರುವು ದಾಟಿದ ಮೇಲೂ ಅಲ್ಲೇ ನಿಂತು ಅಳುತ್ತಿದ್ದಳು. ಜನ ಸುತ್ತ ನಿಂತು ಸಮಾಧಾನ ಹೇಳಿದಷ್ಟೂ ಅಳು ಜೋರಾಯಿತು. ಟೈಂಕೀಪರರು ಗೂಡಿನ ಹಿಂದಿನಿಂದ ಒಂದು ಗೆರಟೆ ತಂದು ಅವಳ ಎರಡೂ ಕೈಗೆ ಕೊಟ್ಟರು. "ಸ್ವಲ್ಪ ಹಿಡಿದುಕೊಳ್ಳಮ್ಮ, ನನಗೆ ಬಸ್ಸು ಉಂಟು," ಎಂದು ಹೋಗಿಬಿಟ್ಟರು. ಕೈ ತುಂಬಿದ್ದರಿಂದ ಅವಳಿಗೆ ಕಣ್ಣು ಒರೆಸಲೂ ಆಗಲಿಲ್ಲ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಅಳು ನಿಂತಿತ್ತು.

"ಅಜ್ಜಾ, ಇದನ್ನ ಎಲ್ಲಿ ಇಡ್ಲಿ? ಹಾಸ್ಟೆಲ್‌ನಾಗ ಗಿಡ ಇಡಾಕ ಬಿಡಂಗಿಲ್ರಿ," ಎಂದಳು.

"ಹಾಗಾದರೆ ಇಲ್ಲೇ ಇರಲಿ. ಆದಿತ್ಯವಾರ ಬಂದು ನೀರು ಹಾಕಿ ಹೋಗು. ನಿನ್ನದೇ ಅದು."

ಓದಿನ ಮೂರು ವರ್ಷವೂ ಅವಳು ಬರುತ್ತಿದ್ದಳು.

ಈ ಹುಚ್ಚು ಅವರಿಗೆ ತಾಯಿಯಿಂದ ಬಂದದ್ದು. ಅವರು ಹುಟ್ಟಿದ್ದು ಬಂಟ್ವಾಳದ ಹೊಳೆಬದಿಯಲ್ಲಿ. ನೇತ್ರಾವತಿ ಉಕ್ಕಿದಾಗ ಅಂಗಳವೇ ಹೋಗುತ್ತಿದ್ದ ಮನೆ. ಅದಕ್ಕಾಗಿ ಅವರ ತಾಯಿ ಪ್ರತಿ ವರ್ಷ ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ಕೂಡಲೇ ತನ್ನ ಪ್ರತಿ ಹೂವಿನ ಗಿಡದ ಒಂದೊಂದು ಗೆಲ್ಲು ಕಡಿದು, ಗುಡ್ಡದ ಮೇಲಿರುವ ನೆಂಟರ ಮನೆಗಳಿಗೆ ಹಂಚಿಬರುತ್ತಿದ್ದರಂತೆ. ನೆರೆ ಬಂದು ಇಳಿದ ಮೇಲೆ ಯಾರ ಮನೆಯಲ್ಲಿ ಯಾವುದು ಉಂಟೆಂದು ನೆನಪಿಟ್ಟು ಹೋಗಿ, ಅದರದೇ ಒಂದು ಗೆಲ್ಲು ಕೇಳಿ ತಂದು ಪುನಃ ನೆಡುತ್ತಿದ್ದರು. "ಒಂದೇ ಅಂಗಳದಲ್ಲಿರುವ ಗಿಡವನ್ನು ಉಂಟು ಎಂದು ಹೇಳಬೇಡ, ಎರಡು ಅಂಗಳದಲ್ಲಿದ್ದರೆ ಮಾತ್ರ ಉಂಟು ಎಂದು ಉಮ್ಮ ಹೇಳ್ತಿದ್ದರು," ಎಂದು ಅವರು ನನಗೆ ಅನೇಕ ಸಲ ಹೇಳಿದ್ದಾರೆ.

ಅವರಿಗಿದ್ದದ್ದು ಒಬ್ಬಳೇ ಮಗಳು. ಚಾರ್ಮಾಡಿಗೆ ಕೊಟ್ಟಿದ್ದರು. ಅಳಿಯ ಗಲ್ಫಿನಲ್ಲಿ. ಮಗಳು ಅತ್ತೆಯ ಜೊತೆ ಊರಿನಲ್ಲಿ. ಅಪ್ಪ ಮಗಳ ನಡುವೆ ಫೋನು ಇತ್ತು, ಆದರೆ ಅವರ ನಿಜವಾದ ಮಾತುಕತೆ ಬಸ್ಸಿನಲ್ಲೇ ನಡೆಯುತ್ತಿತ್ತು. ತಿಂಗಳಿಗೊಮ್ಮೆ ಅವಳ ಬಾಳೆಪಟ್ಟೆಯ ಕಟ್ಟು ಬರುತ್ತಿತ್ತು. ಅವರು ಎಲ್ಲ ಕೆಲಸ ಬಿಟ್ಟು ಅದನ್ನು ಬಿಚ್ಚಿ, ಗೆಲ್ಲುಗಳ ಬುಡವನ್ನು ಒಂದೊಂದಾಗಿ ನೋಡುವರು. "ನೋಡಿ, ಓರೆ ಎಷ್ಟು ಚಂದ ಕಡಿದಿದ್ದಾಳೆ," ಎಂದು ನನಗೂ ತೋರಿಸುವರು. ನನಗೆ ಎಲ್ಲ ಓರೆಯೂ ಒಂದೇ.

ಒಂದು ಗಿಡವನ್ನು ಮಾತ್ರ ಅವಳು ಕಳಿಸಿರಲಿಲ್ಲ. ಘಾಟಿಯ ಕೆಳಗಿನ ಯಾವುದೋ ಮನೆಯಿಂದ ತಂದು ಎಬ್ಬಿಸಿದ ದಾಸವಾಳ ಅದು. ಬೆಣ್ಣೆ ಬಣ್ಣದ ಎಸಳು, ನಡುವೆ ಕಡು ಕೆಂಪು. ಆ ಮನೆಯ ತಾಯಿಗಿಡ ಸತ್ತುಹೋದ ಮೇಲೆ ಅಂಥದ್ದು ಈ ದಾರಿಯಲ್ಲಿ ಬೇರೆಲ್ಲೂ ಇರಲಿಲ್ಲವಂತೆ. ಟೈಂಕೀಪರರು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ, "ಇದನ್ನು ಬಸ್ಸಲ್ಲಿ ಕಳಿಸುವುದಿಲ್ಲ ಉಪ್ಪ. ನೀವೇ ಬಂದು ಎರಡು ದಿನ ಕೂತು, ಕಡಿದುಕೊಂಡು ಹೋಗಿ."

"ಹೋಗಿ ಬರಬಹುದಲ್ಲ," ಎಂದು ನಾನು ಹೇಳುತ್ತಿದ್ದೆ.

"ನಾನು ಹೋದರೆ ಇಲ್ಲಿ ಬಸ್ಸು ಬಿಡುವವರು ಯಾರು? ಪತ್ತನಾಜೆ ಕಳೆಯಲಿ, ನೋಡುವ."

ಎರಡು ಪತ್ತನಾಜೆ ಕಳೆದವು. ಅವಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿಸಿ ಮಗುವಿನೊಂದಿಗೆ ಚಾರ್ಮಾಡಿಗೆ ಹಿಂದಿರುಗಿದವಳಿಗೆ ಆ ಮಳೆಗಾಲದ ಕೊನೆಗೆ ಜ್ವರ ಬಂತು. ಮೊದಲ ಮೂರು ದಿನ ಮನೆಯಲ್ಲೇ ಗಂಜಿ, ಕಷಾಯ. ನಾಲ್ಕನೆಯ ದಿನ ಆಸ್ಪತ್ರೆಗೆ. ಆರನೆಯ ದಿನ ಅವಳು ಇರಲಿಲ್ಲ. ಮಗುವಿಗೆ ಆಗ ಏಳು ತಿಂಗಳು.

ಮಗಳ ಮಯ್ಯತ್ತನ್ನು ಚಾರ್ಮಾಡಿಯ ಮನೆಯ ಅಂಗಳದಲ್ಲಿಟ್ಟಿದ್ದಾಗ, ಅಷ್ಟು ಜನರ ಎದುರು, ಟೈಂಕೀಪರರು ಬೀಗಿತ್ತಿಯ ಮುಖ ನೋಡಿ ಒಂದೇ ಮಾತು ಹೇಳಿದರಂತೆ. "ನೀವು ಲೇಟ್ ಮಾಡಿದಿರಿ."

ದಿನಕ್ಕೆ ನೂರು ಸಲ ಡ್ರೈವರುಗಳಿಗೆ ಹೇಳಿ ಅಭ್ಯಾಸವಾದ ಮಾತು. ಆ ದಿನ ಅದು ಎರಡು ಮನೆಯ ನಡುವಿನ ದಾರಿಯನ್ನು ಮುಚ್ಚಿತು. ಮಗು ಅಲ್ಲೇ ಉಳಿಯಿತು. ಇವರು ಹೋಗಲಿಲ್ಲ, ಅವರು ಕರೆಯಲಿಲ್ಲ.

ಮತ್ತೆ ಗೂಡಿಗೆ ಬಂದು ಕೂತ ಟೈಂಕೀಪರರ ಕಿವಿಯ ಮೇಲೆ ಪೆನ್ನೊಂದೇ ಇತ್ತು. ಬಸ್ಸು ತಡವಾಗಿ ಬಂದರೆ ಪುಸ್ತಕದಲ್ಲಿ ಬರೆಯುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಡ್ರೈವರುಗಳಿಗೇ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಒಬ್ಬನಂತೂ ಗೂಡಿನ ಎದುರು ನಿಂತು, "ಐದು ನಿಮಿಷ ಮೇಲೆ ಆಗಿದೆ ಬ್ಯಾರಿಗಳೇ, ಒಂದು ಬೈಯಿರಿ ಮಾರಾಯ್ರೆ," ಎಂದ. ಅವರು, "ಹೋಗು, ಜನ ಕಾಯ್ತಾರೆ," ಎಂದರು ಅಷ್ಟೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರು ನನ್ನನ್ನು ಗೂಡಿನ ಹಿಂದಕ್ಕೆ ಕರೆದರು. ಅಷ್ಟು ವರ್ಷದಲ್ಲಿ ಅವರು ನನ್ನಲ್ಲಿ ಏನನ್ನೂ ಕೇಳಿದವರಲ್ಲ.

"ಅಳಿಯನಿಗೆ ಮತ್ತೊಂದು ಮದುವೆ ಅಂತೆ. ಆಗಬೇಕಾದದ್ದೇ, ಸಣ್ಣ ಪ್ರಾಯ. ನಿಕಾಹಿಗೆ ಮೊದಲು ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿಸ್ತಾರೆ ಎಂದು ಕಂಡಕ್ಟರ್ ಹೇಳಿದ. ಆ ದಾಸವಾಳ ಅಂಗಳದ ನಡುವೆಯೇ ಇರುವುದು."

ಅವರು ಒಂದು ಖಾಲಿ ಗೆರಟೆಯನ್ನು ಎತ್ತಿ ಬೋರಲು ಹಾಕಿದರು.

"ಈ ಸೆಕೆಗೆ ಗೆಲ್ಲು ಕಡಿಯಬಾರದು. ಆದರೆ ಇಂಟರ್‌ಲಾಕಿನವರು ಪತ್ತನಾಜೆ ಕಾಯುವುದಿಲ್ಲ. ಬಂದು ಕೊಂಡುಹೋಗಿ ಎಂದು ಎರಡು ವರ್ಷ ಹೇಳಿದಳು ಟೀಚರೇ. ನಾನು ಬಸ್ಸು ಬಿಡುತ್ತಾ ಕೂತೆ. ಈಗ ಆ ಗೇಟಿನೊಳಗೆ ಹೋಗುವ ಮುಖ ನನಗೆ ಇಲ್ಲ. ನಿಮ್ಮ ಶಾಲೆಯಿಂದ ಎರಡೇ ಸ್ಟಾಪು. ನನ್ನ ಹೆಸರು ಹೇಳುವುದು ಬೇಡ. ಹೂ ಚಂದ ಉಂಟು, ಎರಡು ಗೆಲ್ಲು ಬೇಕಿತ್ತು ಎಂದರೆ ಕೊಟ್ಟಾರು."

ಹೊರಡುವಾಗ ಪುನಃ ಕರೆದರು. "ಮಡಿಲಲ್ಲೇ ಇಟ್ಟುಕೊಂಡು ಬನ್ನಿ, ಆಯ್ತಾ? ಮಗುವನ್ನು ಹಿಡಿದ ಹಾಗೆ."

ಆ ಸಂಜೆ ಶಾಲೆ ಬಿಟ್ಟ ಮೇಲೆ ಹೋದೆ. ಅಂಗಳದ ಮೂಲೆಯಲ್ಲಿ ಇಂಟರ್‌ಲಾಕ್ ಕಲ್ಲುಗಳನ್ನು ಆಗಲೇ ಪೇರಿಸಿದ್ದರು. ನಡುವೆ ಆಳೆತ್ತರದ ದಾಸವಾಳ, ಅದರ ತುಂಬಾ ಬೆಣ್ಣೆ ಬಣ್ಣದ ಹೂವು. ಬೀಗಿತ್ತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಬಂದರು. ನಾನು ಕಲಿತ ಮಾತನ್ನು ಒಪ್ಪಿಸಿದೆ.

"ಮೂಡಬಿದ್ರೆಯಿಂದ ಬರುವ ಟೀಚರ್ ಅಲ್ವಾ ನೀವು? ಯಾರಿಗೆ ಗೆಲ್ಲು ಎಂದು ನನಗೆ ಗೊತ್ತುಂಟು."

ಹೌದೆಂದು ಒಪ್ಪಿಕೊಂಡೆ.

"ಅವರೇ ಬರಬಹುದಿತ್ತು," ಎಂದರು. "ಅವರು ಆ ದಿನ ಹೇಳಿದ್ದು ಸುಳ್ಳಲ್ಲ ಟೀಚರೇ. ಬರೀ ಜ್ವರ ಎಂದು ನಾನೇ ಮೂರು ದಿನ ಮನೆಯಲ್ಲಿಟ್ಟೆ. ಸುಳ್ಳಾಗಿದ್ದರೆ ನಾನು ಎಂದೋ ಮರೆಯುತ್ತಿದ್ದೆ."

ಅವರೇ ಕತ್ತಿ ತಂದು ಒಂಬತ್ತು ಗೆಲ್ಲು ಕಡಿದರು. ಬುಡ ಓರೆ, ತಲೆ ನೇರ. ಸೊಸೆ ಕಲಿಸಿಕೊಟ್ಟಿರಬೇಕು. ಮಗು ನನ್ನ ಛತ್ರಿಯ ಹಿಡಿಕೆಯನ್ನು ಬಾಯಿಗೆ ಹಾಕಿಕೊಂಡು ನಾಲ್ಕು ಹಲ್ಲಿನಿಂದ ಕಚ್ಚುತ್ತಿತ್ತು. ಬಸ್ಸಿನಲ್ಲಿ ನೀರು ಸೋರಬಾರದೆಂದು ಬೀಗಿತ್ತಿ ಒದ್ದೆ ಬಟ್ಟೆಯ ಕಟ್ಟನ್ನು ಒಂದು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ, ಬಾಯಿ ಬಿಗಿದು ಕೊಟ್ಟರು.

ಬೆಳ್ತಂಗಡಿಯ ತನಕ ಮಡಿಲಲ್ಲೇ ಇತ್ತು. ಅಲ್ಲಿ ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಕಟ್ಟು, ಹೆಗಲಲ್ಲಿ ಚೀಲ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಕೊಡಿ ಟೀಚರೇ, ಇಲ್ಲಿ ಇಡುವ," ಎಂದ. ನಮ್ಮ ಬಸ್ಸುಗಳಲ್ಲಿ ಪಾರ್ಸೆಲ್ ಇಡುವ ಜಾಗ ಒಂದೇ, ಡ್ರೈವರನ ಪಕ್ಕದ ಇಂಜಿನ್ ಬಾನೆಟ್. ಮಲ್ಲಿಗೆಯ ಕಟ್ಟಿನ ಪಕ್ಕ, ಯಾರದೋ ಮದ್ದಿನ ಚೀಟಿಯ ಪಕ್ಕ ಅದನ್ನೂ ಇಟ್ಟ. ಗುರುವಾಯನಕೆರೆಯಲ್ಲಿ ನನಗೆ ಸೀಟು ಸಿಕ್ಕಿತು. ಆಗ ಎದ್ದುಹೋಗಿ ತೆಗೆದುಕೊಳ್ಳಬೇಕಿತ್ತು. ಪಕ್ಕದಲ್ಲಿ ಕೂತಿದ್ದವಳು ನನ್ನ ಹಳೆಯ ಗೆಳತಿ. ಅವಳಿಗೆ ನಾನು ಆ ಸಂಜೆ ಕಂಡದ್ದನ್ನೆಲ್ಲ ಹೇಳಲು ಶುರುಮಾಡಿದೆ. ಆ ಗಿಡ, ಆ ಮಗು, ಬೀಗಿತ್ತಿ ಹೇಳಿದ ಮಾತು. ಹೇಳುತ್ತಾ ಹೇಳುತ್ತಾ ನನ್ನ ಕಣ್ಣೂ ಒದ್ದೆಯಾಯಿತು, ಅವಳದೂ. ವೇಣೂರು ದಾಟಿತು. ಮೂಡುಬಿದಿರೆ ಬಂತು. ಆ ಕಟ್ಟಿನ ಕತೆಯನ್ನೇ ಹೇಳುತ್ತಿದ್ದ ನನಗೆ ಕಟ್ಟೇ ನೆನಪಾಗಲಿಲ್ಲ.

ಇಳಿಯುವಾಗ ಡ್ರೈವರ್ ಎತ್ತಿಕೊಟ್ಟ. ತೊಟ್ಟೆ ಬಿಸಿಯಾಗಿತ್ತು. ಒಳಗೆಲ್ಲ ಆವಿಯ ಹನಿ.

ಟೈಂಕೀಪರರು ಗೂಡಿನ ಹೊರಗೇ ನಿಂತಿದ್ದರು. ಗೆರಟೆಗಳನ್ನು ತುಂಬಿಸಿ ಸಾಲಾಗಿ ಇಟ್ಟಿದ್ದರು. ಕಟ್ಟು ಬಿಚ್ಚಿದರು. ಎಲೆಗಳು ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ಕಪ್ಪಾಗಿ ಗೆಲ್ಲಿಗೆ ಅಂಟಿಕೊಂಡಿದ್ದವು. ಅವರ ಹೆಬ್ಬೆರಳು ಒಂದು ಗೆಲ್ಲಿನ ಬುಡದಿಂದ ತುದಿಯ ತನಕ ನಿಧಾನವಾಗಿ ಹೋಯಿತು. ನಾನು ಬಾನೆಟ್ ಎಂದು ಹೇಳಲು ಹೊರಟು ಪೂರ್ತಿ ಹೇಳಲಾಗದೆ ಅಳತೊಡಗಿದೆ. ನಿಲ್ದಾಣದ ಅರ್ಧ ಜನ ನಮ್ಮನ್ನೇ ನೋಡುತ್ತಿದ್ದರು.

"ಮಗುವನ್ನು ಕಂಡಿರಾ?" ಎಂದು ಅವರು ಕೇಳಿದರು.

"ಕಂಡೆ."

"ಹಲ್ಲು ಬಂದಿದೆಯಾ?"

"ನಾಲ್ಕು."

"ನಾಲ್ಕು," ಎಂದು ಅವರು ಮೆಲ್ಲಗೆ ಹೇಳಿಕೊಂಡರು. ಮತ್ತೆ ಕರಗಿದ ಎಲೆಗಳನ್ನು ಬಿಡಿಸಿ, ಒಂಬತ್ತು ಗೆಲ್ಲನ್ನೂ ಒಂಬತ್ತು ಗೆರಟೆಗೆ ಊರಿದರು. "ಸ್ವಲ್ಪ ಬಿಸಿ ತಾಗಿದೆ ಅಷ್ಟೆ. ಎಲೆ ಹೋದರೆ ಎಂತ, ಗಂಟಿನಲ್ಲಿ ಜೀವ ಉಂಟು. ಬರ್ತದೆ. ನೀವು ಮನೆಗೆ ಹೋಗಿ, ಕತ್ತಲಾಗ್ತದೆ ಈಗ."

ಮರುದಿನದಿಂದ ನಾನು ದಿನಕ್ಕೆ ಎರಡು ಸಲ, "ಬಂತಾ?" ಎಂದು ಕೇಳುತ್ತಿದ್ದೆ. ಅವರು, "ಹದಿನೆಂಟು ದಿನ ಆಗಲಿ," ಎನ್ನುತ್ತಿದ್ದರು. ಹತ್ತನೆಯ ದಿನ ಚಾರ್ಮಾಡಿಯ ಆ ಅಂಗಳಕ್ಕೆ ಇಂಟರ್‌ಲಾಕ್ ಬಿದ್ದದ್ದನ್ನು ನಾನೇ ಕಂಡೆ. ಬೂದು ಕೆಂಪು ಕಲ್ಲು, ಗೋಡೆಯಿಂದ ಗೋಡೆಯವರೆಗೆ ಒಂದೇ ಸಮ. ಆ ದಿನ ನಾನು ಶಾಲೆಯಲ್ಲಿ ಊಟ ಮಾಡಲಿಲ್ಲ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ನನ್ನನ್ನು ಕೂಗಿದರು. ಕೈಯಲ್ಲಿ ಒಂದು ಗೆರಟೆ. ಅದರಲ್ಲಿದ್ದ ಗೆಲ್ಲಿನ ಮೇಲೆ ಅಕ್ಕಿ ಕಾಳಿನಷ್ಟು ಹಸಿರು.

"ಎಂಟು ಹೋದವು. ಒಂದು ಹಿಡಿಯಿತು ಟೀಚರೇ."

ನನಗೆ ಬಂದ ಸಂತೋಷವನ್ನು ನಾನು ಹೇಗೆ ಬರೆಯಲಿ. ಬಸ್ಸಿನಲ್ಲಿದ್ದವರಿಗೆಲ್ಲ ಹೇಳಿದೆ. ಬೆಳ್ತಂಗಡಿಯಲ್ಲಿ ಬಸ್ಸು ಕಾಯುತ್ತಿದ್ದವರಿಗೂ ಹೇಳಿದೆ.

ಆ ಗಿಡವನ್ನು ಅವರು ಮನೆಯ ಗೇಟಿನ ಪಕ್ಕ ನೆಟ್ಟರು. ವೇಣೂರು ರಸ್ತೆಯ ಬದಿಯ ಮನೆ. ನನ್ನ ಬೆಳಗಿನ ಬಸ್ಸು ಅದರ ಎದುರೇ ಹೋಗುವುದು. ಕಿಟಕಿಯ ಸೀಟು ಸಿಕ್ಕಿದ ದಿನವೆಲ್ಲ ನಾನು ಅದನ್ನು ನೋಡುತ್ತಿದ್ದೆ. ಸೊಂಟದೆತ್ತರ ಬಂತು, ಆಳೆತ್ತರ ಮೀರಿತು, ಕಡು ಹಸಿರಾಗಿ ಹಬ್ಬಿತು. ಹೂ ಮಾತ್ರ ಬಿಡಲಿಲ್ಲ.

"ಇನ್ನೂ ಹೂ ಇಲ್ಲವಲ್ಲ ಟೈಂಕೀಪರೇ?"

"ಬಿಡ್ತದೆ. ಮಗಳೂ ಸಣ್ಣದಿರುವಾಗ 'ಇವತ್ತು ನಡಿತೇನೆ, ನಾಳೆ ನಡಿತೇನೆ' ಎಂದು ಒಂದೂವರೆ ವರ್ಷ ನಮ್ಮನ್ನು ಕಾಯಿಸಿದವಳೇ. ಅವಳ ಗಿಡ ಅಲ್ವಾ."

ಹೀಗೆ ಮೂರು ವರ್ಷ. ಅವರ ಕಿವಿಗೆ ಗೆಲ್ಲು ಮತ್ತೆ ಬಂತು, ಗೂಡಿನ ಹಿಂದೆ ಗೆರಟೆಗಳೂ ತುಂಬಿದವು. 'ಲೇಟ್' ಎಂಬ ಮಾತು ಮಾತ್ರ ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಚಾರ್ಮಾಡಿಯ ಸುದ್ದಿಯನ್ನು ಅವರು ನೇರ ಕೇಳುತ್ತಿರಲಿಲ್ಲ. "ಆ ಕಡೆ ಮಳೆ ಹೇಗೆ?" ಎನ್ನುತ್ತಿದ್ದರು. ನಾನು ಮಳೆಯ ಜೊತೆಗೆ ಮಗು ಗೇಟು ಹಿಡಿದು ನಿಂತದ್ದನ್ನೂ, ಕೆಂಪು ಬೂಟು ಹಾಕಿ ಅಂಗನವಾಡಿಗೆ ಹೋದದ್ದನ್ನೂ ಹೇಳುತ್ತಿದ್ದೆ. ಅವರು ತಲೆ ಎತ್ತದೆ ಪುಸ್ತಕದಲ್ಲಿ ಬರೆಯುತ್ತಿರುವರು. ಬಸ್ಸೇ ಬಾರದ ಹೊತ್ತಿನಲ್ಲೂ ಏನು ಬರೆಯುತ್ತಿದ್ದರೋ.

ಹೋದ ಮಳೆಗಾಲದಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ಗೂಡಿಗೆ ಬರುವುದು ನಿಂತಿತು. ಒಂದು ಸಂಜೆ ನೋಡಲು ಹೋದೆ. ಚಾವಡಿಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಮುಖ ಇಳಿದುಹೋಗಿತ್ತು.

"ನಿಮ್ಮ ಬಸ್ಸು ಇವತ್ತು ಎಷ್ಟಕ್ಕೆ ಬಿಟ್ಟಿತು?" ಎಂದರು.

"ಆರು ಇಪ್ಪತ್ತನಾಲ್ಕಕ್ಕೆ."

"ನಾನಿಲ್ಲದಿದ್ದರೆ ನಾಲ್ಕು ನಿಮಿಷ ತಿನ್ನುತ್ತಾರೆ," ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕಣ್ಣು ಮುಚ್ಚಿಕೊಂಡು, "ಗೇಟಿನ ಗಿಡ ಬಸ್ಸಿನಿಂದ ಕಾಣ್ತದಾ ಈಗಲೂ?" ಎಂದು ಕೇಳಿದರು. ಕಾಣುತ್ತದೆ, ಚಂದ ಉಂಟು, ಎಂದೆ. "ಒಳ್ಳೆಯದಾಯಿತು," ಎಂದರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಎಂಟು ದಿನದಲ್ಲಿ ತೀರಿಕೊಂಡರು. ಆ ಬೆಳಿಗ್ಗೆ ಮೂಡುಬಿದಿರೆಯಿಂದ ವೇಣೂರು ಕಡೆಗೆ ಹೊರಟ ಪ್ರತಿ ಬಸ್ಸೂ ಅವರ ಮನೆಯೆದುರು ಒಂದು ನಿಮಿಷ ನಿಂತು ಮುಂದೆ ಹೋಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ.

ಎರಡು ವಾರದ ನಂತರ ನನ್ನ ಬಸ್ಸು ಆ ಮನೆಯೆದುರು ಹೋಗುವಾಗ ಗಿಡದಲ್ಲಿ ಹೂ ಕಂಡಿತು. ಒಂದಲ್ಲ, ಏಳೆಂಟು. ಬೆಣ್ಣೆ ಬಣ್ಣವಲ್ಲ. ಕೆಂಪು. ಎಲ್ಲರ ಬೇಲಿಯಲ್ಲೂ ಇರುವ, ಐದು ಎಸಳಿನ ಸಾದಾ ಕೆಂಪು ದಾಸವಾಳ.

ನಾನು ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದೆ ನಡೆದೆ. ಅವರ ಹೆಂಡತಿ ಬಾಗಿಲು ತೆರೆದರು. ನನ್ನ ಮುಖ ನೋಡಿದವರು ಗಿಡದ ಕಡೆ ನೋಡಿದರು.

"ನನಗೆ ಬಗ್ಗಲಿಕ್ಕೆ ಆಗುವುದಿಲ್ಲ ಟೀಚರೇ, ಮಂಡಿ ನೋವು. ಮೇಲಿನದ್ದಕ್ಕೆ ಕೈಯೂ ಎಟಕುವುದಿಲ್ಲ," ಎಂದರು, ತಪ್ಪು ಮಾಡಿದವರ ಹಾಗೆ. "ಅವರು ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದು ಮೊಗ್ಗೆಲ್ಲ ಚಿವುಟಿ ಹೋಗ್ತಿದ್ದರು. 'ಟೀಚರ್ ಆರು ಮೂವತ್ತಕ್ಕೆ ಇಲ್ಲಿ ದಾಟ್ತಾರೆ, ಅದಕ್ಕೆ ಮೊದಲು ಆಗಬೇಕು' ಎನ್ನುತ್ತಿದ್ದರು."

ಅವರು ಹೇಳಿದ್ದನ್ನೆಲ್ಲ ನಾನು ಮೆಟ್ಟಿಲ ಮೇಲೆ ಕೂತು ಕೇಳಿದೆ. ನಾನು ತಂದ ಒಂಬತ್ತೂ ಗೆಲ್ಲು ಐದನೆಯ ದಿನಕ್ಕೇ ಕಪ್ಪಾಗಿದ್ದವು. ಆರನೆಯ ದಿನ ಟೈಂಕೀಪರರು ಯಾರಿಗೂ ಹೇಳದೆ ಚಾರ್ಮಾಡಿಗೆ ಹೋದರು. ಮೂವತ್ತು ವರ್ಷದಲ್ಲಿ ಗೂಡು ಬಿಟ್ಟು ಹೋದದ್ದು ಅದೊಂದೇ ಸಲ, ಮಗಳ ದಫನದ ದಿನ ಬಿಟ್ಟರೆ. ಆದರೆ ಅಷ್ಟರಲ್ಲಿ ಗಿಡವನ್ನು ಬೇರುಸಹಿತ ಕಿತ್ತು ನೆಲ ಸಮ ಮಾಡಿ ಆಗಿತ್ತು. ರಸ್ತೆಯಾಚೆ ನಿಂತು ನೋಡಿ, ಗೇಟಿನೊಳಗೆ ಹೋಗದೆ, ಮುಂದಿನ ಬಸ್ಸಿಗೆ ತಿರುಗಿ ಬಂದರು. ಮನೆಗೆ ಬಂದು ಬಾವಿಕಟ್ಟೆಯ ಪಕ್ಕದ ಕೆಂಪು ದಾಸವಾಳದಿಂದ ಒಂದು ಗೆಲ್ಲು ಕಡಿದು ಗೆರಟೆಗೆ ಊರಿದರು.

"ಇದೆಂಥ ನಾಟಕ ಎಂದು ನಾನು ಕೇಳಿದೆ. 'ಒಂದು ಮಾತು ಹೇಳಿ ಒಬ್ಬ ಹೆಂಗಸಿನ ಊಟ ತಪ್ಪಿಸಿದ್ದೇನೆ, ಅಲ್ಲಿ ಚಾರ್ಮಾಡಿಯಲ್ಲಿ. ಇನ್ನೊಬ್ಬರದು ಬೇಡ' ಎಂದರು."

ಅವರು ಒಳಗೆ ಹೋಗಿ ಚಹಾ ತಂದರು. ನಾನು ಕುಡಿಯಲಿಲ್ಲ. ಆ ದಿನ ಶಾಲೆಗೂ ಹೋಗಲಿಲ್ಲ. ಮಧ್ಯಾಹ್ನದ ತನಕ ಅಲ್ಲೇ ಕೂತಿದ್ದೆವು. ಏಳುವಾಗ ನಾನೇ ಕೇಳಿದೆ. "ಬರುವ ಆದಿತ್ಯವಾರ ನಾವು ಹೋಗುವಾ? ನಾನು ಜೊತೆಗೆ ಬರ್ತೇನೆ." ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಇದ್ದತ್ ಕಳೆಯಲಿ, ನಾಲ್ಕು ತಿಂಗಳು ಹತ್ತು ದಿನ ನಾನು ಹೊರಗೆ ಹೋಗುವ ಹಾಗಿಲ್ಲ, ಎಂದರು.

ಇದ್ದತ್ ಕಳೆದ ಆದಿತ್ಯವಾರ ನಾವಿಬ್ಬರೂ ಚಾರ್ಮಾಡಿಯಲ್ಲಿ ಇಳಿದೆವು. ಬೀಗಿತ್ತಿ ಬಟ್ಟೆ ಒಣಗಿಸುತ್ತಿದ್ದರು. ನೋಡಿದವರು ಬಕೆಟನ್ನು ಅಲ್ಲೇ ಬಿಟ್ಟು ಬಂದು ಗೇಟಿನ ಚಿಲಕ ತೆಗೆದರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಿಂತರು, ಅಳಲಿಲ್ಲ. ಅಳಿಯನ ಹೊಸ ಹೆಂಡತಿ ಚಾಪೆ ಹಾಕಿದಳು, ಶರಬತ್ತು ತಂದಳು. ಮಗು ಬಾಗಿಲ ಹಿಂದೆ ನಿಂತು ಒಂದು ಕಣ್ಣಿನಿಂದ ನಮ್ಮನ್ನು ನೋಡುತ್ತಿತ್ತು. "ಅಜ್ಜಿ, ನಿನ್ನ ಉಮ್ಮನ ಉಮ್ಮ, ಬಾ," ಎಂದು ಬೀಗಿತ್ತಿ ಎಷ್ಟು ಕರೆದರೂ ಬರಲಿಲ್ಲ. ಒತ್ತಾಯ ಬೇಡ ಎಂದರು ಇವರು. ನಮ್ಮ ಬಸ್ಸಿನ ಹೊತ್ತಾಯಿತು. ಎದ್ದು ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಬಂದಾಗ ಹಿಂದಿನಿಂದ ಓಡಿಬಂದ ಮಗು ಅಜ್ಜಿಯ ಶಾಲಿನ ತುದಿಯನ್ನು ಹಿಡಿದುಕೊಂಡಿತು. ಬಿಡಲೇ ಇಲ್ಲ.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕರೆದ. ನಾನು ಕೈ ಬೀಸಿ ಹೋಗಲು ಹೇಳಿದೆ. ಮುಂದಿನದು ಒಂದು ಗಂಟೆ ಬಿಟ್ಟು ಇತ್ತು.